ಮೂರನೆಯ ಪ್ರಶ್ನೆ: ಚಾಕಣದ ಪ್ರೆಸ್ ಶಾಪಿನಿಂದ ಎಂಬಿಎ ಸಂದರ್ಶನಕ್ಕೆ

ಅಭ್ಯರ್ಥಿ ಹುಬ್ಬಳ್ಳಿಯ ಹುಡುಗಿ, ವಯಸ್ಸು 25, ಮೆಕ್ಯಾನಿಕಲ್ ಬಿಇ. ಪುಣೆ ಹತ್ತಿರದ ಚಾಕಣದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ವಿಭಾಗದಲ್ಲಿ, 34 ತಿಂಗಳಿಂದ ಪ್ರೊಡಕ್ಷನ್ ಎಂಜಿನಿಯರ್. ವಾಸ ನಿಗಡಿಯಲ್ಲಿ, ಸೋದರಮಾವನ ಮನೆಯಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ 93, ಪಿಯುಸಿಯಲ್ಲಿ 78, ಬಿಇಯಲ್ಲಿ 7.9, ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್‌ನಲ್ಲಿ 97 ದಾಟಿದ ಪರ್ಸೆಂಟೈಲ್. ಮೂರು ಕಡೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಮೊದಲನೆಯದಕ್ಕೆ ಉಳಿದಿದ್ದದ್ದು 24 ದಿನ. ಹಲವರ ತಯಾರಿಯಲ್ಲಿ ಕಂಡದ್ದನ್ನು ಒಬ್ಬಳ ಹೆಸರಿಲ್ಲದ ಹೆಗಲಿಗೆ ಹಾಕಿ ಕಟ್ಟಿದ ಪ್ರಕರಣ ಇದು, ಹಾಗಾಗಿ ಯಾರೆಂದು ಹುಡುಕುವ ಅಗತ್ಯವಿಲ್ಲ.

ಅವಳು ಓದದೆ ಕೂತಿರಲಿಲ್ಲ. ಮೂರು ನೋಟ್‌ಬುಕ್ ತುಂಬಿದ್ದವು. ಒಂದರಲ್ಲಿ ಪ್ರಚಲಿತ ವಿದ್ಯಮಾನ, ಒಂದರಲ್ಲಿ ರೆಪೊ ದರದಿಂದ ಹಿಡಿದು ಹಣಕಾಸಿನ ಪದಗಳ ಅರ್ಥ, ಇನ್ನೊಂದರಲ್ಲಿ 'ನಿಮ್ಮ ಬಗ್ಗೆ ಹೇಳಿ', 'ನಿಮ್ಮ ದೌರ್ಬಲ್ಯವೇನು' ತರಹದ ಐವತ್ತು ಪ್ರಶ್ನೆಗಳಿಗೆ ಬರೆದು ಬಾಯಿಪಾಠ ಮಾಡಿದ ಉತ್ತರ. ದಿನಾ ಎಂಟು ಗಂಟೆ ನಿಂತು ದುಡಿಯುವ ಪ್ರೆಸ್ ಶಾಪಿನ ಬಗ್ಗೆ ಮೂರರಲ್ಲೂ ಒಂದು ಪುಟ ಇರಲಿಲ್ಲ. ಅದು ಹೇಗೂ ಗೊತ್ತಿರುವುದೇ ತಾನೆ ಎಂಬ ಲೆಕ್ಕ. ಮೊದಲ ಮಾಕ್ (ಅಭ್ಯಾಸದ) ಸಂದರ್ಶನ ನಿಂತದ್ದೇ ಅಲ್ಲಿ. ಅವಳ ಫಾರಂನಲ್ಲಿ ಹೀಗೊಂದು ಸಾಲಿತ್ತು: 'ಎಸ್‌ಎಂಇಡಿ ವಿಧಾನ ಬಳಸಿ ಡೈ ಬದಲಾವಣೆಯ ಸಮಯವನ್ನು 40% ಇಳಿಸಿದ್ದೇನೆ.' ಡೈ ಎಂದರೆ ತಗಡಿಗೆ ಆಕಾರ ಕೊಡುವ ಅಚ್ಚು, ಎಸ್‌ಎಂಇಡಿ ಎಂದರೆ ಅದನ್ನು ಬೇಗ ಬದಲಿಸುವ ವಿಧಾನ.

"ಎಷ್ಟಿತ್ತು, ಎಷ್ಟಾಯಿತು?"

"52 ನಿಮಿಷ ಇತ್ತು, 31 ಆಯಿತು."

"52 ಅಂದರೆ ಎಲ್ಲಿಂದ ಎಲ್ಲಿಯವರೆಗೆ?"

"ಹಳೆಯ ಡೈಯ ಬೋಲ್ಟ್ ಬಿಚ್ಚುವುದರಿಂದ ಹೊಸ ಡೈಯ ಬೋಲ್ಟ್ ಬಿಗಿಯುವವರೆಗೆ."

"ಮೊದಲ ಪೀಸ್ ತೆಗೆದು ಕ್ವಾಲಿಟಿಯವರು ಒಪ್ಪುವ ಹೊತ್ತು?"

ಮೌನ.

"ಎಸ್‌ಎಂಇಡಿಯಲ್ಲಿ ಎಸ್ ಮತ್ತು ಎಂ ಅಂದರೆ?"

"ಸಿಂಗಲ್ ಮಿನಿಟ್."

"ನಿಮ್ಮದು 31."

ಇಲ್ಲಿ ಎರಡು ತಪ್ಪು ಒಟ್ಟಿಗೆ ಬಯಲಾದವು. ಡೈ ಬದಲಾವಣೆಯ ಸಮಯವನ್ನು ಅಳೆಯುವುದು ಬೋಲ್ಟಿನಿಂದ ಬೋಲ್ಟಿಗಲ್ಲ. ಹಿಂದಿನ ಲಾಟಿನ (ಒಂದು ಡೈಯಲ್ಲಿ ಒಂದು ಸಲಕ್ಕೆ ತೆಗೆದ ಪೀಸ್‌ಗಳ ಗುಂಪು) ಕೊನೆಯ ಒಳ್ಳೆಯ ಪೀಸಿನಿಂದ ಮುಂದಿನ ಲಾಟಿನ ಮೊದಲ ಒಳ್ಳೆಯ ಪೀಸಿನವರೆಗೆ. ಎರಡನೆಯದು, ಜಪಾನಿನ ಶಿಗಿಯೊ ಶಿಂಗೊ ರೂಪಿಸಿದ ಈ ವಿಧಾನದ ಹೆಸರಿನಲ್ಲೇ ಗುರಿ ಅಡಗಿದೆ. ಸಿಂಗಲ್ ಮಿನಿಟ್ ಎಂದರೆ ನಿಮಿಷದ ಲೆಕ್ಕ ಒಂದೇ ಅಂಕಿಯಲ್ಲಿರಬೇಕು, ಅಂದರೆ ಹತ್ತರ ಒಳಗೆ. 31 ನಿಮಿಷಕ್ಕೆ ಇಳಿಸಿದ್ದು ಒಳ್ಳೆಯ ಕೆಲಸವೇ, ಆ ಹೆಸರು ಮಾತ್ರ ಅದಕ್ಕೆ ಸಲ್ಲದು. 'ವಿಧಾನದ ಮೊದಲ ಹಂತವನ್ನಷ್ಟೇ ಮಾಡಿದೆವು' ಎಂದಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಫಾರಂನಲ್ಲಿ ಭಾರದ ಪದ ಬರೆದರೆ ಅದನ್ನು ಹೊರುವ ಕೆಲಸ ಸಂದರ್ಶನದ ಕೋಣೆಯಲ್ಲಿ ಬರುತ್ತದೆ.

ಸಂದರ್ಶನ ಸಾಮಾನ್ಯವಾಗಿ 15ರಿಂದ 25 ನಿಮಿಷ. ಎದುರಿಗೆ ಇಬ್ಬರು ಅಥವಾ ಮೂವರು, ಅವರ ಕೈಯಲ್ಲಿ ನಿಮ್ಮ ಫಾರಂ. ಮೊದಲ ಪ್ರಶ್ನೆಗೆ ಎಲ್ಲರಲ್ಲೂ ಸಿದ್ಧ ಉತ್ತರ ಇರುತ್ತದೆ ಎಂಬುದು ಅವರಿಗೂ ಗೊತ್ತು. ಎರಡನೆಯದು ಆ ಉತ್ತರದೊಳಗಿನ ಒಂದು ಪದ ಹಿಡಿದು ಬರುತ್ತದೆ. ಮೂರನೆಯದರ ಹೊತ್ತಿಗೆ ಬಾಯಿಪಾಠ ಖಾಲಿಯಾಗಿರುತ್ತದೆ, ಮಾಡಿದ ಕೆಲಸ ತಲೆಯಲ್ಲಿ ಎಷ್ಟು ಇಳಿದಿದೆ ಎಂಬುದು ಕಾಣುವುದೇ ಆಗ. ಆದ್ದರಿಂದ ಉಳಿದ 24 ದಿನದ ತಯಾರಿಯನ್ನು ನೋಟ್‌ಬುಕ್‌ಗಳಿಂದ ಬಿಡಿಸಿ ಫಾರಂಗೆ ಕಟ್ಟಿದ್ದಾಯಿತು.

ಫಾರಂನ ಪ್ರತಿ ತೆಗೆದು, ಯಾರಾದರೂ ಪ್ರಶ್ನೆ ಕೇಳಬಹುದಾದ ಪ್ರತಿ ಪದಕ್ಕೂ ಕೆಂಪು ಪೆನ್ನಿನಲ್ಲಿ ಗೆರೆ. ಊರು, ಕಾಲೇಜು, ಪಿಯುಸಿಯ 78, ಕೆಲಸದ ಹುದ್ದೆ, ಪ್ರತಿ ಅಂಕಿ, ಹವ್ಯಾಸ, ಗೊತ್ತಿರುವ ಭಾಷೆ. 41 ಗೆರೆ ಬಿದ್ದವು. ಪ್ರತಿ ಗೆರೆಗೂ ಇಂಥ ಮೂರು ಪ್ರಶ್ನೆಯಾದರೂ ಕೆಳಗಿಳಿಯಬೇಕು: ಅದು ಏನು, ಎಷ್ಟು, ಹೇಗೆ ಅಳೆದಿರಿ, ಅದರಿಂದ ಏನಾಯಿತು, ಬೇರೆ ದಾರಿ ಯಾಕೆ ಹಿಡಿಯಲಿಲ್ಲ. ಉತ್ತರವನ್ನು ವಾಕ್ಯವಾಗಿ ಬರೆಯಬಾರದು, ಎರಡು ಮೂರು ಪದದ ಗುರುತು ಸಾಕು. ವಾಕ್ಯ ಬರೆದಿಟ್ಟರೆ ಮನಸ್ಸು ವಾಕ್ಯವನ್ನೇ ಹುಡುಕುತ್ತದೆ, ಒಂದು ಪದ ಮರೆತರೂ ತಡವರಿಸುತ್ತದೆ. 41ರಲ್ಲಿ ಸುಮಾರು ಮೂವತ್ತು ಒಂದೇ ಭಾನುವಾರದಲ್ಲಿ ಮುಗಿದವು. ಉಳಿದ ಹತ್ತು ಹನ್ನೊಂದೇ ನಿಜವಾದ ಕೆಲಸ.

ಅದರಲ್ಲಿ ದೊಡ್ಡದು ಆ 21 ನಿಮಿಷ. ಅವಳು ಶಾಪ್ ಫ್ಲೋರಿಗೆ ಹೋಗಿ ಹಳೆಯ ಲಾಗ್ ಬುಕ್ ತೆಗೆದು ಬಿಡಿಸಿ ಬರೆದಳು. ಡೈಯನ್ನು ಮೊದಲೇ ಪ್ರೆಸ್ ಪಕ್ಕಕ್ಕೆ ತಂದಿಟ್ಟುಕೊಂಡಿದ್ದರಿಂದ ಫೋರ್ಕ್‌ಲಿಫ್ಟಿಗೆ ಕಾಯುವುದು ತಪ್ಪಿತು, 9 ನಿಮಿಷ. ಎಲ್ಲ ಕ್ಲಾಂಪ್ ಬೋಲ್ಟ್‌ಗಳನ್ನು ಒಂದೇ ಅಳತೆಗೆ ತಂದದ್ದರಿಂದ ನಾಲ್ಕು ಪಾನಾ ಹುಡುಕುವ ಬದಲು ಒಂದೇ ಪಾನಾ ಸಾಕಾಯಿತು, 5 ನಿಮಿಷ. ಡೈಗಳ ಕೆಳಗೆ ಕಾಯಂ ಪ್ಲೇಟ್ ಕೂರಿಸಿ ಎತ್ತರ ಸರಿದೂಗಿಸಿದ್ದರಿಂದ ಪ್ರತಿ ಸಲ ಶಟ್ ಹೈಟ್ (ಪ್ರೆಸ್ ಪೂರ್ತಿ ಇಳಿದಾಗ ಉಳಿಯುವ ಎತ್ತರ) ಹೊಂದಿಸುವುದು ತಪ್ಪಿತು, 4. ಮೊದಲ ಪೀಸನ್ನು ಅಳೆಯುವ ಗೇಜ್ ಪ್ರೆಸ್ ಬಳಿಯೇ ಇಟ್ಟದ್ದರಿಂದ 3. ಕೂಡಿದರೆ 21. ಮೊದಲು ಬಿಟ್ಟಿದ್ದ ಕ್ವಾಲಿಟಿ ಒಪ್ಪಿಗೆಯ ಹೊತ್ತು ಲಾಗ್ ಬುಕ್ಕಿನ 52ರಲ್ಲೂ 31ರಲ್ಲೂ ಸೇರಿಯೇ ಇತ್ತು, ಇವಳಿಗೇ ಅದು ತಿಳಿದಿರಲಿಲ್ಲ. ಕಾಗದ ನೋಡದೆ ನೆನಪಿನಿಂದ ಮಾತಾಡಿದರೆ ಸರಿಯಾದ ಅಂಕಿಯನ್ನೂ ತಪ್ಪಾಗಿ ವಿವರಿಸುವುದುಂಟು.

ಇಷ್ಟಾದರೂ ಮೂರನೆಯ ಪ್ರಶ್ನೆ ಹೊಳೆದಿರಲಿಲ್ಲ. ಅದನ್ನು ಕೇಳಿದ್ದು ಅವಳ ಸೋದರಮಾವ. ಅವರು ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುವವರು, ಪ್ರೆಸ್ ಮುಟ್ಟಿದವರಲ್ಲ. ರಾತ್ರಿ ಊಟದ ಹೊತ್ತಿಗೆ ಇಡೀ ವಿಷಯವನ್ನು ಕನ್ನಡದಲ್ಲಿ ಅವರಿಗೆ ಬಿಡಿಸಿ ಹೇಳುವುದು ತಯಾರಿಯ ಒಂದು ಭಾಗವಾಗಿತ್ತು.

"ಅಲ್ಲವ್ವಾ, ಇಪ್ಪತ್ತೊಂದು ನಿಮಿಷ ಉಳಿಸಿದ್ರಿ ಖರೆ. ಆ ಉಳಿದ ಹೊತ್ತಿನ್ಯಾಗ ಏನ್ ಮಾಡಿದ್ರಿ?"

"ಹೆಚ್ಚಿಗಿ ಪೀಸ್ ತಗದ್ವಿ, ಮಾಮಾ."

"ತಗದು? ಮುಂದ ಅವನ್ನ ಯಾರ್ ತಗೊಂಡ್ರು?"

ಸರಿಯಾದ ಪ್ರಶ್ನೆ. ದಿನಕ್ಕೆ ಎರಡು ಶಿಫ್ಟ್, 6 ಬದಲಾವಣೆ. 21ರಂತೆ 126 ನಿಮಿಷ ಉಳಿಯಿತು. ಪ್ರೆಸ್ ನಿಮಿಷಕ್ಕೆ 18 ಸ್ಟ್ರೋಕ್ ಹೊಡೆಯುತ್ತದೆ, ಸ್ಟ್ರೋಕಿಗೊಂದು ಪೀಸ್, ಅಂದರೆ 2,268 ಪೀಸ್ ಹೆಚ್ಚು ತೆಗೆಯಬಹುದು. ಆದರೆ ಆ ಪೀಸ್ ಮುಂದೆ ಹೋಗುವುದು ವೆಲ್ಡಿಂಗ್‌ಗೆ, ವೆಲ್ಡಿಂಗ್ ಮೊದಲಿನಿಂದಲೇ ತುಂಬಿ ತುಳುಕುತ್ತಿತ್ತು. ಅಡಚಣೆ ಇರುವುದು ವೆಲ್ಡಿಂಗ್‌ನಲ್ಲಾದರೆ ಪ್ರೆಸ್‌ನಲ್ಲಿ ಉಳಿಸಿದ ಹೊತ್ತಿನಿಂದ ಒಂದು ಗಾಡಿಯೂ ಹೆಚ್ಚು ಹೊರಬೀಳುವುದಿಲ್ಲ, ಬಿನ್‌ಗಳು ಮಾತ್ರ ತುಂಬುತ್ತವೆ. ಹಾಗಾದರೆ ಮಾಡಿದ ಕೆಲಸ ದಂಡವೇ? ಅಲ್ಲ. ಅದರ ಲಾಭ ಬೇರೆ ಕಡೆ ಇತ್ತು, ಅವಳ ಸಾಲಿನಲ್ಲಿ ಮಾತ್ರ ಇರಲಿಲ್ಲ. ಮೊದಲು 6 ಬದಲಾವಣೆಗೆ 312 ನಿಮಿಷ ಹೋಗುತ್ತಿತ್ತು. ಈಗ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ, 310 ನಿಮಿಷದಲ್ಲಿ, 10 ಬದಲಾವಣೆ ಮಾಡಬಹುದು. ದಿನದ ಒಟ್ಟು 9,000 ಪೀಸ್ ಹಾಗೇ ಇರಲಿ. ಲಾಟ್ 1,500ರಿಂದ 900ಕ್ಕೆ ಇಳಿಯುತ್ತದೆ. ಪ್ರೆಸ್ ಮತ್ತು ವೆಲ್ಡಿಂಗ್ ನಡುವೆ ಕೊಳೆಯುವ ಸರಕು ಅದೇ ಪ್ರಮಾಣದಲ್ಲಿ ಕಡಿಮೆ. ಒಂದು ಲಾಟ್ ಕೆಟ್ಟರೆ ಗುಜರಿಗೆ ಹೋಗುವ ಪೀಸ್‌ಗಳೂ ಕಡಿಮೆ. ಕಾರ್ಖಾನೆಯಲ್ಲಿ ಆಗಿದ್ದದ್ದೂ ಇದೇ: ಪ್ಲಾನಿಂಗ್‌ನವರು ಎರಡು ತಿಂಗಳ ನಂತರ ಸದ್ದಿಲ್ಲದೆ ಲಾಟ್ ಇಳಿಸಿದ್ದರು. ಮಾಡಿದವಳಿಗೇ ತನ್ನ ಕೆಲಸದ ಫಲ ಎಲ್ಲಿ ಸಿಕ್ಕಿತೆಂದು ತಿಳಿಯಲು ಊಟದ ತಟ್ಟೆಯ ಮುಂದೆ ಲೆಕ್ಕಿಗರೊಬ್ಬರು ಬೇಕಾದರು.

ಇದರಿಂದ 'ಎಂಬಿಎ ಯಾಕೆ' ಎಂಬುದಕ್ಕೂ ಉತ್ತರ ಸಿಕ್ಕಿತು. ನೋಟ್‌ಬುಕ್ಕಿನಲ್ಲಿ ಬರೆದದ್ದು ಲೀಡರ್‌ಶಿಪ್, ದೊಡ್ಡ ಚಿತ್ರ, ಸಮಗ್ರ ದೃಷ್ಟಿ ಎಂಬ ಪದಗಳ ಮಾಲೆ; ದಿನಕ್ಕೆ ನೂರು ಸಲ ಇದನ್ನೇ ಕೇಳುವವರ ಮುಖ ನೆನೆಸಿಕೊಂಡರೆ ಪಾಪ ಅನಿಸುತ್ತದೆ. ಹೊಸ ಉತ್ತರ ಹೀಗಾಯಿತು: ಡೈ ಬದಲಾವಣೆ ನನ್ನ ಕೈಯಲ್ಲಿತ್ತು, ಲಾಟ್ ಎಷ್ಟಿರಬೇಕೆಂಬ ನಿರ್ಧಾರ ಪ್ಲಾನಿಂಗ್ ಮತ್ತು ಖರೀದಿಯವರದು, ಅವರು ಯಾವ ಲೆಕ್ಕದ ಮೇಲೆ ಅದನ್ನು ಮಾಡುತ್ತಾರೆಂದು ನನಗೆ ಓದಲು ಬರುವುದಿಲ್ಲ. ಇದರ ಬೆನ್ನಿಗೇ ಬರುವ ಪ್ರಶ್ನೆ, 'ಹಾಗಾದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ನಲ್ಲಿ ಎಂಟೆಕ್ ಯಾಕೆ ಬೇಡ?' ಅದಕ್ಕೂ ಗುರುತು ಬೇಕು: ಲೆಕ್ಕದ ಅರ್ಧ ಹಣದ್ದು, ಅರ್ಧ ಜನರದ್ದು. 'ಇದೇ ಸಂಸ್ಥೆ ಯಾಕೆ' ಎಂಬುದಕ್ಕೆ ಆಯಾ ಸಂಸ್ಥೆಯ ಚರಿತ್ರೆ ಎರಡು ಸಾಲು ಗೊತ್ತಿದ್ದರೆ ಮಾತು ನೆಲದ ಮೇಲೆ ನಿಲ್ಲುತ್ತದೆ. ಪವಾಯಿಯ ಐಐಎಂ ಮುಂಬಯಿ 2023ರವರೆಗೆ ನಿಟಿ ಎಂಬ ಸಂಸ್ಥೆಯಾಗಿತ್ತು, 1963ರಲ್ಲಿ ಶುರುವಾದದ್ದೇ ಕೈಗಾರಿಕಾ ಎಂಜಿನಿಯರಿಂಗ್ ಕಲಿಸಲು. ಪ್ರೆಸ್ ಶಾಪಿನವಳಿಗೆ ಅಲ್ಲಿ ಹೇಳಲು ವಿಷಯ ಉಂಟು. ಅಂಧೇರಿಯ ಎಸ್.ಪಿ. ಜೈನ್‌ನಲ್ಲಿ ಗುಂಪಿನಲ್ಲಿ ಕೂರಿಸಿ ಸಂದರ್ಶನ ಮಾಡುವ ಪದ್ಧತಿ ಇದೆ, ಪಕ್ಕದವರು ಮಾತಾಡುವಾಗ ಕಿವಿಗೊಡುವುದೂ ಅಲ್ಲಿ ತಯಾರಿಯೇ.

ಹವ್ಯಾಸದ ಕಡೆ ಬರೋಣ. 'ಹಿಂದೂಸ್ತಾನಿ ಸಂಗೀತ ಕೇಳುವುದು' ಎಂದು ಬರೆದಿದ್ದಳು. ಮಾಕ್‌ನಲ್ಲಿ ಯಾವ ರಾಗ ಇಷ್ಟ ಎಂದಾಗ "ಎಲ್ಲಾ" ಎಂದಳು. ಎಲ್ಲಾ ಎಂದರೆ ಯಾವುದೂ ಅಲ್ಲ. ಸುಳ್ಳಂತೂ ಬರೆದಿರಲಿಲ್ಲ, ಮನೆಯಲ್ಲಿ ಅಜ್ಜನ ಕಾಲದಿಂದ ಕೇಳುತ್ತ ಬಂದದ್ದೇ. ಆದರೆ ಕೇಳಿದ್ದನ್ನು ಹೇಳುವ ಮಾತು ಇರಲಿಲ್ಲ. ಈ ಹುಡುಗಿಯ ಕೈಯಲ್ಲಿ ಎಂಥ ಸರಕಿತ್ತೆಂದರೆ: ಹುಬ್ಬಳ್ಳಿಗೆ ಹತ್ತಿರದ ಕುಂದಗೋಳದ ರಾಮಭಾವು ಅವರೇ ಸವಾಯಿ ಗಂಧರ್ವ, ಅವರ ನೆನಪಿನಲ್ಲಿ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ ಉತ್ಸವ ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ ಇಂದಿಗೂ ನಡೆಯುತ್ತದೆ, ಅದೇ ಗುರುವಿನ ಇನ್ನೊಬ್ಬ ಶಿಷ್ಯೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. ತನ್ನ ಎರಡು ಊರುಗಳ ನಡುವೆ ಓಡಾಡುವ ದಾರಿಯೇ ಇವರೆಲ್ಲರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯ ದಾರಿ. ಇದಿಷ್ಟನ್ನು ಬಾಯಿಪಾಠ ಮಾಡಿದರೂ ಮತ್ತೆ ಎರಡನೆಯ ಪ್ರಶ್ನೆಗೇ ನಿಲ್ಲುತ್ತದೆ. ಆದ್ದರಿಂದ ಒಂದೇ ರಾಗ ಆರಿಸಿ ಆ ಇಬ್ಬರು ಶಿಷ್ಯರು ಹಾಡಿದ್ದನ್ನೂ ಹತ್ತು ದಿನ, ಚಾಕಣದ ಬಸ್ಸಿನಲ್ಲಿ ಹೋಗುತ್ತ ಬರುತ್ತ ಕೇಳಬೇಕೆಂದು ಗೊತ್ತುಮಾಡಿದ್ದಾಯಿತು. ಒಬ್ಬರು ಎಲ್ಲಿ ನಿಲ್ಲುತ್ತಾರೆ, ಇನ್ನೊಬ್ಬರು ಎಲ್ಲಿ ಏರುತ್ತಾರೆ ಎಂಬುದನ್ನು ತನ್ನ ಕಿವಿಗೆ ಕೇಳಿಸಿದಷ್ಟು, ಶಾಸ್ತ್ರದ ಪದ ಬಿಟ್ಟು ಹೇಳಿದರೆ ಸಾಕು. ಸ್ವರಕ್ಕೆ ಒತ್ತು ಕೊಡುವ, ನಿಧಾನವಾಗಿ ರಾಗ ಬೆಳೆಸುವ ಘರಾಣೆ ಎಂಬುದು ಆಗ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಬಿಇ ವಿಷಯಗಳಲ್ಲಿ ಎಲ್ಲವನ್ನೂ ಓದಲು ಹೋಗಬಾರದು. ಎರಡು ವಿಷಯ ಸಾಕು, ಅವೂ ಕೆಲಸಕ್ಕೆ ಅಂಟಿದ್ದಾಗಿರಬೇಕು. ಇವಳಿಗೆ ಸ್ಟ್ರೆಂಥ್ ಆಫ್ ಮಟೀರಿಯಲ್ಸ್ ಮತ್ತು ಪ್ರೊಡಕ್ಷನ್. ಬಗ್ಗಿಸಿದ ಹಾಳೆ ಪ್ರೆಸ್ಸಿನಿಂದ ಬಿಟ್ಟ ಕೂಡಲೇ ತುಸು ಹಿಂದಕ್ಕೆ ಬರುವ ಸ್ಪ್ರಿಂಗ್‌ಬ್ಯಾಕ್ ಯಾಕೆ, ಗಟ್ಟಿ ಉಕ್ಕಿನಲ್ಲಿ ಅದು ಯಾಕೆ ಹೆಚ್ಚು ಎಂದು ಸ್ಟ್ರೆಸ್-ಸ್ಟ್ರೇನ್ ಗೆರೆ ಬರೆದು ತೋರಿಸಲು ಬಂದರೆ ಕಾಲೇಜು ಮತ್ತು ಕಾರ್ಖಾನೆ ಎರಡೂ ಒಂದೇ ಉತ್ತರದಲ್ಲಿ ಬಂದಹಾಗೆ. ಪಿಯುಸಿಯ 78ಕ್ಕೆ ಎರಡೇ ವಾಕ್ಯ, ನೆಪ ಬೇಡ. ಪ್ರಚಲಿತ ವಿದ್ಯಮಾನವನ್ನು ತನ್ನ ಉದ್ಯಮದಿಂದ ಶುರುಮಾಡಬೇಕು: ಎಲೆಕ್ಟ್ರಿಕ್ ಗಾಡಿ ಹೆಚ್ಚಾದರೆ ನಿಮ್ಮ ಶಾಪಿನ ಯಾವ ಭಾಗ ಉಳಿಯುತ್ತದೆ, ಯಾವುದು ಹೋಗುತ್ತದೆ? ಸೀಟಿನ ಬ್ರಾಕೆಟ್ ಉಳಿಯುತ್ತದೆ, ಸೈಲೆನ್ಸರಿನ ತಗಡು ಹೋಗುತ್ತದೆ. ಬಜೆಟ್ ಭಾಷಣ ಪೂರ್ತಿ ಓದಿದವರೂ ಇಲ್ಲಿ ಎಡವುತ್ತಾರೆ.

ಮಾಕ್‌ಗಳು ಒಟ್ಟು ಐದು, ನಾಲ್ಕು ನಾಲ್ಕು ದಿನದ ಅಂತರದಲ್ಲಿ. ಹದಿನೈದು ಮಾಡಿದವರ ಉತ್ತರ ಒಣಗಿದ ರೊಟ್ಟಿಯಂತೆ ಕಟಕಟ ಎನ್ನುತ್ತದೆ, ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಪ್ರತಿ ಮಾಕ್ ಫೋನಿನಲ್ಲಿ ರೆಕಾರ್ಡ್ ಮಾಡಿ ಆ ರಾತ್ರಿಯೇ ಕೇಳಬೇಕು. ಇವಳ ರೆಕಾರ್ಡಿಂಗ್‌ನಲ್ಲಿ ಎರಡು ದೋಷ ಕಂಡವು. ಒಂದು, ಉತ್ತರಗಳು ಎರಡೂವರೆ ನಿಮಿಷ ಎಳೆಯುತ್ತಿದ್ದವು, ಒಂದರಿಂದ ಒಂದೂವರೆ ನಿಮಿಷದೊಳಗೆ ನಿಲ್ಲಿಸುವುದನ್ನು ಕಲಿಯಬೇಕಾಯಿತು. ಇನ್ನೊಂದು, ಎಲ್ಲ ಕೆಲಸಕ್ಕೂ 'ನಾನು' ಎನ್ನುತ್ತಿದ್ದಳು. ಒಂದೇ ಅಳತೆಯ ಬೋಲ್ಟಿನ ಉಪಾಯ ಡೈ ಬದಲಿಸಿ ಕೂರಿಸುವ ಕೆಲಸಗಾರನದು, ಡೈ ಸೆಟ್ಟರ್‌ದು ಎಂಬುದು ಮೂರನೆಯ ಮಾಕ್‌ನಲ್ಲಿ ಬಾಯಿಜಾರಿ ಹೊರಬಿತ್ತು. ಅದನ್ನು ಮುಚ್ಚಿಡುವುದಕ್ಕಿಂತ ಹೇಳುವುದೇ ಲೇಸು: ಉಪಾಯ ಅವರದು, ಅಳೆದದ್ದು ಮತ್ತು ಎಲ್ಲ ಡೈಗಳಿಗೂ ಅನ್ವಯಿಸಿದ್ದು ನಾನು. ಇಂಗ್ಲಿಷ್ ಬಗ್ಗೆ ಅವಳಿಗಿದ್ದ ಹೆದರಿಕೆ ವೇಗದಿಂದ ಬಂದದ್ದು. ಸಣ್ಣ ವಾಕ್ಯ, ಒಂದು ಉಸಿರು, ಮತ್ತೊಂದು ವಾಕ್ಯ. ಹುಬ್ಬಳ್ಳಿಯ ಉಚ್ಚಾರಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ಕಾಗದಪತ್ರದಲ್ಲಿ ಒಂದು ಗಂಡಾಂತರ ತಪ್ಪಿತು. ಕರ್ನಾಟಕದ ಅಂಕಪಟ್ಟಿಗಳಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್, ಆಧಾರ್ ಮತ್ತು ಪ್ಯಾನ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಸೇರಿ ಉದ್ದ. ಚಾಕಣದ ಕಂಪನಿಯ ಪತ್ರದಲ್ಲಿ ಮಹಾರಾಷ್ಟ್ರದ ರೂಢಿಯಂತೆ ಇನ್ನೊಂದು ಕ್ರಮ. ಮೂರೂ ಒಬ್ಬಳದೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ಫೈಲಿನ ಮೇಲೆಯೇ ಇಟ್ಟದ್ದಾಯಿತು. ಮೀಸಲಾತಿ ಕೋರುವವರು ಇನ್ನೂ ಬೇಗ ಎಚ್ಚರಾಗಬೇಕು. ಕರ್ನಾಟಕದ 2ಎ ಅಥವಾ 3ಬಿ ಪತ್ರ ಐಐಎಂಗಳಲ್ಲಿ ನಡೆಯುವುದಿಲ್ಲ, ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಪತ್ರ ಕೇಂದ್ರದ ನಮೂನೆಯಲ್ಲಿರಬೇಕು, ಅದಕ್ಕೆ ಊರಿನ ತಹಶೀಲ್ದಾರ್ ಕಚೇರಿಗೇ ಹೋಗಬೇಕು. ಪುಣೆಯಲ್ಲಿ ಕೂತು ಕೊನೆಯ ವಾರದಲ್ಲಿ ಆಗುವ ಕೆಲಸವಲ್ಲ.

ಸಂದರ್ಶನ ಪವಾಯಿ ಕಡೆ, ಬೆಳಿಗ್ಗೆ 9.30ಕ್ಕೆ ಹಾಜರಿ. ಡೆಕ್ಕನ್ ಕ್ವೀನ್ ಪುಣೆ ಬಿಡುವುದೇ 7.15ಕ್ಕೆ, ದಾದರಿನಲ್ಲಿ ಇಳಿಯುವಾಗ ಹತ್ತರ ಸುಮಾರು. ಹಿಂದಿನ ಸಂಜೆಯೇ ಡೊಂಬಿವಲಿಯ ಚಿಕ್ಕಮ್ಮನ ಮನೆಗೆ ಹೋದಳು. ಬೆಳಿಗ್ಗೆ ಫಾಸ್ಟ್ ಲೋಕಲ್ ಹತ್ತಿದರೆ ಪವಾಯಿಗೆ ಹತ್ತಿರದ ಕಾಂಜೂರ್‌ಮಾರ್ಗ್‌ನಲ್ಲಿ ನಿಲ್ಲುವುದಿಲ್ಲ, ಥಾಣೆಯಲ್ಲಿ ಗಾಡಿ ಬದಲಿಸಬೇಕು, ಇಲ್ಲವೇ ಘಾಟ್ಕೋಪರಿಗೆ ಹೋಗಿ ತಿರುಗಿ ಬರಬೇಕು. ಸ್ಲೋ ಹಿಡಿದಳು, ಕಾಂಜೂರ್‌ಮಾರ್ಗ್‌ನಿಂದ ರಿಕ್ಷಾ. ಇಸ್ತ್ರಿ ಮಾಡಿದ ಬ್ಲೇಜರ್ ಚೀಲದಲ್ಲಿ, ತೊಟ್ಟದ್ದಲ್ಲ. ಡೊಂಬಿವಲಿಯ ಬೆಳಗಿನ ಗದ್ದಲ ಕಂಡವರಿಗೆ ಕಾರಣ ಬೇಕಿಲ್ಲ.

ಒಳಗೆ ಇಬ್ಬರಿದ್ದರು. ಮೊದಲ ನಾಲ್ಕು ನಿಮಿಷ ಮರಾಠಿಯಲ್ಲಿ ಹೋಯಿತು, ಯಾಕೆಂದರೆ ಗೊತ್ತಿರುವ ಭಾಷೆಗಳಲ್ಲಿ ಮರಾಠಿ ಬರೆದಿದ್ದಳು. ಅದೂ ಕೆಂಪು ಗೆರೆ ಬಿದ್ದ ಪದವೇ. ಶಾಪ್ ಫ್ಲೋರಿನ ಮರಾಠಿ, ವ್ಯಾಕರಣ ಅಷ್ಟಕ್ಕಷ್ಟೆ, ಆದರೂ ಮಾತು ನಡೆಯಿತು. ನಂತರ ಒಂದು ಲೆಕ್ಕ: ಐದು ಹಂತಗಳಲ್ಲಿ ಪ್ರತಿಯೊಂದರಲ್ಲೂ 99% ಒಳ್ಳೆಯ ಪೀಸ್ ಬಂದರೆ ಕೊನೆಗೆ ಎಷ್ಟು? ಗಾಬರಿಯಲ್ಲಿ "99" ಎಂದುಬಿಟ್ಟಳು, ಕೂಡಲೇ ತಡೆದು ಗಟ್ಟಿಯಾಗಿಯೇ ಗುಣಿಸುತ್ತ ಹೋಗಿ 95ರ ಆಸುಪಾಸು ಎಂದಳು. ಸರಿಯುತ್ತರ 95.1. ತಪ್ಪಿದ್ದನ್ನು ತಾನೇ ತಿದ್ದಿಕೊಂಡದ್ದಕ್ಕೆ ಅವರು ಮುಖ ಕೆಡಿಸಲಿಲ್ಲ. ಸಂಗೀತದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಆಮೇಲೆ 21 ನಿಮಿಷಕ್ಕೆ ಬಂದರು. ಎಲ್ಲಿಂದ ಎಲ್ಲಿಗೆ ಅಳೆದಿರಿ, ಅಡಚಣೆ ಎಲ್ಲಿತ್ತು, ಲಾಟ್ ಎಷ್ಟಾಯಿತು, ಎಲ್ಲವೂ ತಯಾರಾದ ದಾರಿಯಲ್ಲೇ ಹೋಯಿತು. ಆರಿದ್ದ ಬದಲಾವಣೆ ಹತ್ತಾಯಿತು ಎಂದು ಹೇಳಿ ಮುಗಿಸಿದಳು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಎರಡನೆಯವರು ಕೇಳಿದರು: "ಉಪಾಯ ಕೊಟ್ಟ ಆ ಡೈ ಸೆಟ್ಟರ್‌ಗೆ ಇದರಿಂದ ಏನು ಸಿಕ್ಕಿತು?"

ಐದು ಮಾಕ್‌ಗಳಲ್ಲಿ ಯಾರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಮೇಜು ನೋಡಿ ಹೇಳಿದಳು: "ಕೆಲಸ ಹೆಚ್ಚಾಯಿತು. ಆರು ಸಲ ಬಗ್ಗಿ ಏಳುವವರು ಹತ್ತು ಸಲ ಬಗ್ಗಬೇಕಾಯಿತು. ನಮ್ಮಲ್ಲಿ ಇನ್ಸೆಂಟಿವ್ ಸ್ಟ್ರೋಕ್ ಲೆಕ್ಕದಲ್ಲಿ, ಅದು ಆಪರೇಟರ್‌ಗೆ. ಬದಲಾವಣೆಗೆ ಏನೂ ಇಲ್ಲ. ಅವರಿಗೆ ಏನೂ ಸಿಗಲಿಲ್ಲ."

"ನೀವು ಯಾರಿಗಾದರೂ ಹೇಳಿದಿರಾ?"

"ಇಲ್ಲ. ಇದು ನನಗೆ ಹೊಳೆದದ್ದೇ ಈಗ."

ಅವರು ಏನೋ ಬರೆದುಕೊಂಡರು, ಥ್ಯಾಂಕ್ಯೂ ಎಂದರು. ಒಟ್ಟು 19 ನಿಮಿಷ. ಕಾಂಜೂರ್‌ಮಾರ್ಗ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನೆನಪಿದ್ದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟಳು. 14 ಪ್ರಶ್ನೆ, ಅದರಲ್ಲಿ 11 ಫಾರಂನಿಂದಲೇ ಹೊರಟವು. ಎರಡನೆಯ ಸಂದರ್ಶನಕ್ಕೆ ಒಂಬತ್ತು ದಿನವಿತ್ತು. ಸೋಮವಾರ ಕೆಲಸಕ್ಕೆ ಹೋದವಳು ಮೊದಲು ಮಾಡಿದ್ದು ಡೈ ಸೆಟ್ಟರ್ ಜೊತೆ ಚಹಾ ಕುಡಿಯುತ್ತ ಅರ್ಧ ಗಂಟೆ ಮಾತಾಡಿದ್ದು. ಇನ್ಸೆಂಟಿವ್ ಲೆಕ್ಕದಲ್ಲಿ ಬದಲಾವಣೆಯನ್ನೂ ಸೇರಿಸುವ ಒಂದು ಪುಟದ ಟಿಪ್ಪಣಿ ಆ ವಾರವೇ ಮ್ಯಾನೇಜರ್ ಮೇಜಿಗೆ ಹೋಯಿತು. ಮೊದಲ ಸಂಸ್ಥೆಯಲ್ಲಿ ಅವಳ ಹೆಸರು ವೇಟಿಂಗ್ ಲಿಸ್ಟಿನಲ್ಲಿ ಬಂತು. ಎರಡನೆಯದರಲ್ಲಿ ಸೀಟು ಸಿಕ್ಕಿತು. ಕಂಪನಿಯಲ್ಲಿ ನೋಟಿಸ್ ಅವಧಿ 60 ದಿನ, ಕ್ಲಾಸ್ ಶುರುವಾಗುವುದು ಜೂನ್‌ನಲ್ಲಿ. ರಾಜೀನಾಮೆಯನ್ನು ಶುಲ್ಕದ ಮೊದಲ ಕಂತು ಕಟ್ಟಿ ರಸೀದಿ ಕೈಗೆ ಬಂದ ಮೇಲೆಯೇ ಕೊಟ್ಟಳು. ಟಿಪ್ಪಣಿಗೆ ಅಲ್ಲಿಯವರೆಗೂ ಉತ್ತರ ಬಂದಿರಲಿಲ್ಲ.